ಕಬ್ಬಿನ ಹೊಲದೊಳಗಿನ ಪರಿಮಳ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುವವನು ನಾನು. ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು, ಮಗ ಬಿದ್ದ ಸುದ್ದಿ ಬರುವ ಮೊದಲೇ ತಾಯಿಗೆ ಎದೆ ನಡುಗಿತು ಎಂಬಂಥ ಮಾತುಗಳು ನಮ್ಮ ಮನೆಯ ಕಟ್ಟೆಯ ಮೇಲೂ ಬೇಕಾದಷ್ಟು ನಡೆಯುತ್ತಿದ್ದವು. ಎಲ್ಲ ಮುಗಿದ ಮೇಲೆ ಹೊಂದಿಸಿಕೊಂಡ ಕಥೆಗಳು ಎಂದು ನಾನು ನಗುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಲು ಕೂತಿದ್ದೇನೆ. ಓದುವವರು ನಕ್ಕರೆ ನನಗೆ ಬೇಸರವಿಲ್ಲ. ನಕ್ಕಾದ ಮೇಲೆ ಇದರ ಅರ್ಥ ಯಾರಿಗಾದರೂ ಹೊಳೆದರೆ ಅವರಿಗೆ ನಾನು ಋಣಿ.

ಮೊದಲು ನನ್ನ ಮೂಗಿನ ವಿಷಯ ಹೇಳಬೇಕು. ನಾವು ಚಿಕ್ಕೋಡಿಯವರು. ನಾನು ಬಹಳ ವರ್ಷ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದೆ. ಚೀಲ ಬಿಚ್ಚಿ ಒಂದು ಹಿಡಿ ತಂಬಾಕು ಮೂಗಿನ ಹತ್ತಿರ ತಂದರೆ ಸಾಕು, ಅದು ಯಾವ ಕಡೆಯ ಮಣ್ಣಿನದು, ಹದವಾಗಿದೆಯೋ ಇಲ್ಲವೋ, ಒಣಗಿಸುವಾಗ ಮಳೆ ತಾಗಿದೆಯೋ ಎಂದು ಹೇಳುತ್ತಿದ್ದೆ. ಅದೇ ನನ್ನ ಅನ್ನ. ಕೊರೋನಾದ ಎರಡನೆಯ ಅಲೆಯಲ್ಲಿ ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಒಯ್ದಿತು. ಬೇರೆಯವರಿಗೆ ತಿಂಗಳೊಳಗೆ ತಿರುಗಿ ಬಂದದ್ದು ನನಗೆ ಬರಲೇ ಇಲ್ಲ. ಬೆಳಗಾವಿಯ ಮೂಗಿನ ಡಾಕ್ಟರು ಎರಡು ಸಲ ನೋಡಿ, ನರ ಸತ್ತಂತಿದೆ, ಆಸೆ ಇಟ್ಟುಕೊಳ್ಳಬೇಡಿ ಎಂದರು.

ವಾಸನೆ ಹೋದವನ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಕುರುಡನಿಗೆ ಕೈಹಿಡಿದು ರಸ್ತೆ ದಾಟಿಸುತ್ತಾರೆ. ನನ್ನಂಥವನಿಗೆ, ಏನು ಮಹಾ, ಉಣ್ಣಾಕ ಬರ್ತೈತಿಲ್ಲೋ ಎನ್ನುತ್ತಾರೆ. ಉಣ್ಣಲು ಬರುತ್ತಿತ್ತು, ನಿಜ. ಬಾಯಲ್ಲಿ ಉಪ್ಪು, ಖಾರ ಗೊತ್ತಾಗುತ್ತಿತ್ತು. ಆದರೆ ಬದನೆಕಾಯಿ ಎಣಗಾಯಿಗೂ ಹೀರೇಕಾಯಿ ಪಲ್ಲೆಗೂ ವ್ಯತ್ಯಾಸವಿರಲಿಲ್ಲ. ಹೆಂಡತಿ ಶೋಭಾ ಪಕ್ಕದಲ್ಲಿ ಬಂದು ಕೂತರೂ ನೋಡದೆ ತಿಳಿಯುತ್ತಿರಲಿಲ್ಲ. ವಖಾರಿ ಬಿಟ್ಟೆ. ಪರಿಚಯದವರ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂಡುತ್ತಿದ್ದೆ. ಅಲ್ಲಿ ಔಷಧಿಗಳ ಘಾಟಿಗೆ ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನೊಬ್ಬ ಆರಾಮವಾಗಿ ಚಹಾ ಕುಡಿಯುತ್ತಿದ್ದೆ.

ಹೀಗಿರುವಾಗ ನನ್ನ ತಂಗಿ ಪದ್ಮಜಾ ಸುಗಂಧ ಮಾಡಲು ಶುರುಮಾಡಿದಳು. ಅವಳು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಮದುವೆ ಬೇಡವೆಂದು ನಮ್ಮ ಜೊತೆಗೇ ಇದ್ದವಳು. ಪ್ರಾಚೀನ ಇತಿಹಾಸ ಓದಿ, ಒಂದೆರಡು ಕಾಲೇಜುಗಳಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಿ, ಅದು ಸಾಕಾಗಿ ಬಿಟ್ಟಿದ್ದಳು. ಅಜ್ಜನ ಕಾಲದಲ್ಲಿ ನಮ್ಮದು ಗ್ರಂಥಿಗೆ ಸಾಮಾನಿನ, ಅಂದರೆ ಬೇರು-ನಾರು, ಧೂಪದ ಅಂಟುಗಳ ಅಂಗಡಿ. ಆ ನೆನಪೂ ಇತಿಹಾಸದ ಹುಚ್ಚೂ ಅವಳ ತಲೆಯಲ್ಲಿ ಸೇರಿಕೊಂಡವು.

"ಎರಡು ಸಾವಿರ ವರ್ಷದ ಹಿಂದ ಅರಬ್ಬೀ ದೇಶದ ಅಂಟು ಹಡಗಿನ್ಯಾಗ ಬಂದು, ಎತ್ತಿನ ಬೆನ್ನ ಮ್ಯಾಲ ಘಟ್ಟ ಹತ್ತಿ ನಮ್ಮ ಕಡೆ ಬರ್ತಿತ್ತು ದಾದಾ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದಳು. ನಮ್ಮಲ್ಲಿ ಅಣ್ಣನಿಗೆ ದಾದಾ ಎನ್ನುವುದು ರೂಢಿ. "ನಮ್ಮ ಗುಗ್ಗುಳ ಆ ಕಡೆ ಹೋಗ್ತಿತ್ತು. ಎರಡೂ ಕಡೀ ಮರದ ಅಂಟು ಒಂದ ಬಾಟ್ಲ್ಯಾಗ ಕೂಡಬೇಕು ನೋಡು. ಆಗಿನ ಮಂದಿ ಮೈಗೆ ಏನ ಹಚ್ಕೊಂಡಿರಬಹುದು ಅನ್ನೂದು ನಮಗೂ ಗೊತ್ತಾಗ್ಲಿ."

ಗುಗ್ಗುಳ, ರಾಳ, ಲೋಬಾನ, ಹೀರಾಬೋಳ, ಇನ್ನೂ ಯಾವುದೋ ಹೊರದೇಶದ ಅಂಟಿನ ತುಣುಕುಗಳು ಮನೆಗೆ ಬಂದವು. ಕಸ್ತೂರಿ, ಪುನುಗುಗಳನ್ನು ಮಾತ್ರ ಅವಳು ಮುಟ್ಟಲಿಲ್ಲ. ಪ್ರಾಣಿಗೆ ನೋವು ಕೊಟ್ಟು ತೆಗೆದದ್ದು ಜೈನರ ಮನೆಯಲ್ಲಿ ಬೇಡ ಎಂದಳು. ಕಲ್ಲಿನ ಕುಟ್ಟಣಿಗೆಯಲ್ಲಿ ಅಂಟುಗಳನ್ನು ಕುಟ್ಟಿ, ಎಳ್ಳೆಣ್ಣೆಯಲ್ಲಿ ನೆನೆಹಾಕಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಬಟ್ಟೆಯಲ್ಲಿ ಸೋಸಿ, ಸರಿಬರಲಿಲ್ಲವೆಂದು ಚೆಲ್ಲಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಒಂದೂವರೆ ವರ್ಷ ಹೀಗೇ ಹೋಯಿತು. ಕೊನೆಗೆ ಒಂದು ಹದ ಕೂತಿತು. ಪಡುವಣ ಕಡಲಿನಿಂದ ಬಂದದ್ದು ಎಂದು ಅದಕ್ಕೆ 'ಪಡುವಣ' ಎಂದು ಹೆಸರಿಟ್ಟಳು.

ಅದನ್ನು ನೋಡಲು ಬಂದವರೆಲ್ಲ ಮುಚ್ಚಳ ತೆಗೆದ ಕೂಡಲೇ ಆಡುತ್ತಿದ್ದ ಮಾತು ಒಂದೇ. "ಅಯ್ಯ, ನಿಂಬೀಕಾಯಿ ಸಿಪ್ಪಿ ಸುಲಿದಂಗ ಐತೆಲ್ಲ!" ಅಂಟಿನಲ್ಲಿ ನಿಂಬೆ ಎಲ್ಲಿಂದ ಬಂತು ಎಂದು ಅವರಿಗೆ ಬೆರಗು. ಶೋಭಾ ಕೂಡ ಹಾಗೇ ಅಂದಿದ್ದಳು, ಪಕ್ಕದ ಮನೆಯ ಬಸೂ ಕೂಡ. ಪ್ರತಿ ಸಲ ಪದ್ಮಜಾ ಬಾಟಲಿಯನ್ನು ನನ್ನ ಮೂಗಿನ ಹತ್ತಿರವೂ ಹಿಡಿಯುತ್ತಿದ್ದಳು.

"ಏನರೆ ಬಂತೇನು ದಾದಾ?"

"ಇಲ್ಲವಾ."

ಅವಳು ಮುಚ್ಚಳ ಹಾಕುತ್ತಿದ್ದಳು. ತನ್ನ ಕೈಯ ಕೆಲಸ ಅಣ್ಣನೊಬ್ಬನಿಗೆ ಮುಟ್ಟಲಿಲ್ಲವಲ್ಲ ಎಂಬ ನೋವು ಅವಳಿಗಿತ್ತು. ನನಗೂ ಇತ್ತು. ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ಕಳೆದದ್ದಲ್ಲ, ಅದರ ಹಿಂದಿನ ವರ್ಷದ ಕಬ್ಬಿನ ಹಂಗಾಮಿನಲ್ಲಿ ಅಥಣಿಯ ಅಂಗಡಿಯವರೊಬ್ಬರು 'ಪಡುವಣ' ನೋಡಬೇಕೆಂದು ಕರೆಸಿದರು. ಪದ್ಮಜಾ ಎರಡು ಬಾಟಲಿಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಸ್ಕೂಟಿಯ ಮೇಲೆ ಹೋದಳು. ಸಂಜೆ ಅಲ್ಲಿಯೇ ಗೆಳತಿ ರೇಖಾಳ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಮಾತು ಮುಗಿಸಿ, ಹಾರೂಗೇರಿ, ರಾಯಬಾಗದ ಮೇಲಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತೇನೆ ಎಂದಿದ್ದಳು.

ಊಟದ ಹೊತ್ತು ಮೀರಿತು. ಶೋಭಾ ಫೋನ್ ಮಾಡಿದಳು. ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಗಾಡಿ ಓಡಿಸುತ್ತಿರಬೇಕು ಅಂದುಕೊಂಡೆವು. ಮತ್ತೆ ಮಾಡಿದೆವು, ಮತ್ತೆ ಅದೇ. ರೇಖಾಗೆ ಮಾಡಿದರೆ, "ಅಂಗಡಿ ಕೆಲಸ ಮುಗಿಸಿ ಹೊತ್ತೇರೂಕ್ಕಿಂತ ಮೊದಲ ಹೊಂಟಾಳಲ್ರಿ, ಇನ್ನೂ ಮುಟ್ಟಿಲ್ಲೇನು?" ಎಂದು ಅವಳೇ ಗಾಬರಿಯಾದಳು. ಶೋಭಾ ನನ್ನ ಮುಖ ನೋಡಿದಳು. ನಾನು ಎದ್ದು ಅಂಗಿ ಹಾಕಿಕೊಂಡೆ.

ಬಸೂಗೆ ಕಾಯಿಪಲ್ಲೆ ಹೊರುವ ಸಣ್ಣ ಟೆಂಪೋ ಇತ್ತು. ಅವನು ಉಣ್ಣುತ್ತಿದ್ದವನು ತಾಟಿನಲ್ಲೇ ಕೈತೊಳೆದುಕೊಂಡು ಬಂದ. ಶೋಭಾಳೂ ಸೇರಿ ಮೂವರೂ ಮುಂದಿನ ಸೀಟಿನಲ್ಲಿ ಕೂತೆವು, ನಾನು ಕಿಟಕಿಯ ಕಡೆ. ರಾಯಬಾಗದಲ್ಲಿ ವಿಚಾರಿಸಿದೆವು, ಹಾರೂಗೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯವರನ್ನು ಕೇಳಿದೆವು. ಅಪಘಾತದ ಸುದ್ದಿ ಎಲ್ಲೂ ಇರಲಿಲ್ಲ. ಕೆಂಪು ಸ್ಕೂಟಿ, ನೀಲಿ ಓಢಣಿ ಎಂದರೆ, ಅಂಥವರು ದಿನಾ ನೂರು ಮಂದಿ ಹೋಗ್ತಾರ್ರಿ ಎಂದರು. ನಡುವೆ ನಡುವೆ ಶೋಭಾ ಫೋನ್ ಮಾಡುತ್ತಲೇ ಇದ್ದಳು. ಒಮ್ಮೆ ಅದು ರಿಂಗ್ ಆಗುವುದೂ ನಿಂತಿತು. ಬ್ಯಾಟರಿ ಮುಗಿದಿರಬೇಕು. ಆಗ ಶೋಭಾ ಅಳತೊಡಗಿದಳು.

ಹಾರೂಗೇರಿ ದಾಟಿ ಅಥಣಿಯ ಕಡೆ ಹೊರಟೆವು. ರಸ್ತೆಯ ತುಂಬ ಕಬ್ಬಿನ ಟ್ರಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರಾಲಿ. ಹಿಂದಿನದು ಅತ್ತಿತ್ತ ತೂಗಾಡುತ್ತಿತ್ತು. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಅದರೊಳಗೆ ಆನೆ ಬಿದ್ದರೂ ರಸ್ತೆಯಿಂದ ಕಾಣುವಂತಿಲ್ಲ. ಎಡಗಡೆ ಕಡಿದು ಮುಗಿಸಿದ ಒಂದು ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಒಣ ಕಬ್ಬಿನೆಲೆಯ ಆ ಹೊಗೆ ದಪ್ಪಗೆ ರಸ್ತೆಯ ಮೇಲೆ ಬಂದು ಟೆಂಪೋದೊಳಗೆ ನುಗ್ಗಿತು. ಶೋಭಾ ಸೆರಗಿನಿಂದ ಮೂಗು ಮುಚ್ಚಿ ಕೆಮ್ಮಿದಳು. ಬಸೂ ಕಣ್ಣು ಒರೆಸಿಕೊಂಡ. ನನ್ನ ಕಣ್ಣಲ್ಲೂ ನೀರು ಬಂತು, ಆದರೆ ಮೂಗಿಗೆ ಎಂದಿನಂತೆ ಏನೂ ಇಲ್ಲ.

ಆ ಹೊಗೆಯ ನಡುವೆ ನನಗೆ ವಾಸನೆ ಬಂತು.

ಹೇಗೆ ಬಂತೆಂದು ಹೇಳಲಿ? ಕಿವಿ ಹೋದವನೊಬ್ಬನಿಗೆ ತಟ್ಟನೆ ಯಾರೋ ಕಿವಿಯ ಹತ್ತಿರ ಬಂದು ಹೆಸರು ಹಿಡಿದು ಕರೆದದ್ದು ಕೇಳಿದರೆ ಅವನಿಗೆ ಹೇಗಾಗಬಹುದೋ ಹಾಗಾಯಿತು. ಕೈಯಿಂದ ಟೆಂಪೋದ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೆಚ್ಚಗಿನ, ತುಸು ಕಹಿಯಾದ, ಹಳೆಯ ಕಟ್ಟಿಗೆಯಂಥ ವಾಸನೆ. ಅದು ತೇಲಿ ಬಂದು ಹೋಗುವಂಥದ್ದಾಗಿರಲಿಲ್ಲ. ಮೂಗಿಗೆ ಒತ್ತಿ ಹಿಡಿದಂತೆ ಹತ್ತಿರವಾಗಿತ್ತು.

"ನಿಲ್ಸೋ ಬಸೂ! ಪದ್ಮಾನ ಅತ್ತರ ಇದು. ಪಡುವಣ. ಇಲ್ಲೇ ಎಲ್ಲ್ಯೋ ಅದಾಳ ಆಕಿ!" ಎಂದು ಕೂಗಿದೆ.

ಬಸೂ ಬ್ರೇಕ್ ಹಾಕಿ ನನ್ನನ್ನೇ ನೋಡಿದ. "ಕಾಕಾ, ನಿಮಗ ವಾಸನಿ ಎಲ್ಲಿಂದ ಬರಬೇಕ್ರಿ? ನನಗ ರವದಿ ಹೊಗಿ ಬಿಟ್ರ ಏನೂ ಬರವಲ್ದು."

ಶೋಭಾ ಸೆರಗು ತೆಗೆದು ಗಾಳಿ ಎಳೆದುಕೊಂಡು, ಇಲ್ಲವೆಂದು ತಲೆಯಾಡಿಸಿದಳು. ಗಂಡನಿಗೆ ತಲೆ ಕೆಟ್ಟಿತೆಂಬ ಹೆದರಿಕೆ ಅವಳ ಮುಖದಲ್ಲಿ ಕಾಣುತ್ತಿತ್ತು. ಬಸೂ ನನ್ನ ಮಾತು ನಂಬದೆ ಗಾಡಿಯನ್ನು ಮುಂದೆ ಬಿಟ್ಟ. ತುಸು ದೂರ ಹೋಗುವಷ್ಟರಲ್ಲಿ ವಾಸನೆ ತೆಳುವಾಯಿತು, ಆಮೇಲೆ ಹೋಗಿಯೇ ಬಿಟ್ಟಿತು. ನಾನು ಅವನ ಕೈಯ ಮೇಲೆ ಕೈಯಿಟ್ಟು, ತಿರುಗಿಸಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ ಎಂದೆ. ನನಗಿಂತ ಎಷ್ಟೋ ಚಿಕ್ಕವನಿಗೆ ಹಾಗೆ ಅಂದೆ. ಅವನು ತಿರುಗಿಸಿದ.

ಹಿಂದಿನ ಜಾಗಕ್ಕೆ ಬಂದಾಗ ವಾಸನೆ ಮತ್ತೆ ಬಂತು. ಅಲ್ಲೊಂದು ಕಾಲುವೆಯ ಏರಿಯ ಮೇಲಿನ ಕಚ್ಚಾ ರಸ್ತೆ ಬಂದು ಕೂಡುತ್ತದೆ. ಪದ್ಮಜಾ ಆ ದಾರಿಯಲ್ಲಿ ಬರುವವಳಲ್ಲ. ಆದರೆ ನಾನು ಕೈ ಮಾಡಿದ್ದು ಆ ಕಡೆಗೆ. ಬಸೂ ಆ ದಾರಿ ಹಿಡಿದ. ಹೋದಂತೆ ವಾಸನೆ ಗಟ್ಟಿಯಾಗುತ್ತ ಹೋಯಿತು. ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು ಎಂಬುದನ್ನು ಆಮೇಲೆ ಬಸೂ ಹೇಳಿದ. ಹಿಂದಿದ್ದ ಹೊಗೆ ನಮ್ಮ ಜೊತೆಜೊತೆಗೇ ಮುಂದಕ್ಕೆ ಬರುತ್ತಿತ್ತಂತೆ. ಅಂದರೆ ನಾವು ಹೋಗುತ್ತಿದ್ದ ಕಡೆಯ ಯಾವ ವಾಸನೆಯೂ ನಮ್ಮತ್ತ ಬರುವಂತಿರಲಿಲ್ಲ. ಆಗ ನನಗೆ ಅದೊಂದೂ ಗೊತ್ತಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬೇಟೆ ನಾಯಿಯ ಹಾಗೆ ಮೂಗು ಚಾಚಿದ್ದೆ. ಅಳುತ್ತಲೂ ಇದ್ದೆನಂತೆ.

ಒಂದು ಕಡೆ "ಇಲ್ಲೇ" ಎಂದು ಇಳಿದೆ. ಏರಿಯಿಂದ ಕೆಳಗೆ ಕಬ್ಬು. ಯಾವ ಗುರುತೂ ಇಲ್ಲ. ಇಣುಕಿ ನೋಡಿದರೂ ಹಸಿರು ಎಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾನು ಜಾರುತ್ತ ಇಳಿದು ಕಬ್ಬಿನೊಳಗೆ ನುಗ್ಗಿದೆ. ಎಲೆಯ ಅಂಚು ಮುಖ ಕೊಯ್ಯುತ್ತಿತ್ತು. ಹಿಂದಿನಿಂದ ಶೋಭಾ ಪದ್ಮಾ, ಪದ್ಮಾ ಎಂದು ಕೂಗುತ್ತಿದ್ದಳು. ಹತ್ತು ಹೆಜ್ಜೆ ಹೋಗಿರಬಹುದು, ಕಾಲಿಗೆ ಸ್ಕೂಟಿ ತಾಗಿತು. ಎರಡು ಸಾಲುಗಳ ನಡುವಿನ ತಗ್ಗಿನಲ್ಲಿ ಅಡ್ಡ ಬಿದ್ದಿತ್ತು. ಬಾಗಿದ್ದ ಕಬ್ಬು ಮತ್ತೆ ಎದ್ದು ಅದನ್ನು ಮುಚ್ಚಿಬಿಟ್ಟಿತ್ತು. ಅದರಾಚೆ ಪದ್ಮಜಾ ಬೋರಲು ಬಿದ್ದಿದ್ದಳು. ಒಂದು ಕಾಲು ಇರಬಾರದ ರೀತಿಯಲ್ಲಿ ತಿರುಗಿತ್ತು.

ಸತ್ತಿದ್ದಾಳೆ ಎಂದುಕೊಂಡೆ. ಶೋಭಾ ನನ್ನನ್ನು ದಾಟಿ ಹೋಗಿ, ಅವಳ ಹೆಲ್ಮೆಟ್ ಬಿಚ್ಚಿ, ಭುಜ ಹಿಡಿದು ಮೆಲ್ಲಗೆ ಅಂಗಾತ ಮಾಡಿದಳು. ಮುಖದ ತುಂಬ ಮಣ್ಣು, ರಕ್ತ. ಬಾಯಿ ಅಲುಗಿತು. "ವೈನಿ, ನೀರು," ಎಂದು ಅತ್ತಿಗೆಯನ್ನು ಕೇಳಿದಳು.

ಶೋಭಾ ಅವಳನ್ನು ಅಂಗಾತ ಮಾಡಿದ ಕ್ಷಣಕ್ಕೇ ನನ್ನ ಮೂಗಿನೊಳಗಿನ ವಾಸನೆ ನಿಂತಿತ್ತು. ದೀಪದ ಗುಂಡಿ ಒತ್ತಿದ ಹಾಗೆ ಪೂರ್ತಿ ಹೋಯಿತು. ನಾನು ಅವಳ ತಲೆಯ ಹತ್ತಿರವೇ ಮೊಣಕಾಲೂರಿ ಕೂತಿದ್ದೆ. ಎಲ್ಲಕ್ಕಿಂತ ಗಟ್ಟಿಯಾಗಿ ಅಲ್ಲಿ ಬರಬೇಕಿತ್ತು. ಏನೂ ಇರಲಿಲ್ಲ.

ಬಸೂ ಕರೆಯಲು ಹೋದಾಗ ದೂರದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಗ್ಯಾಂಗಿನವರು ಓಡಿಬಂದು, ಕಂಬಳಿಯಲ್ಲಿ ಹಾಕಿ ಎತ್ತಿ ಟೆಂಪೋಗೆ ತಂದರು. ಮಿರಜ್‌ಗೆ ಒಯ್ದೆವು. ಕಾಲಿನ ಎಲುಬು ಎರಡು ಕಡೆ ಮುರಿದಿತ್ತು, ಒಳಗೇ ರಕ್ತ ಹೋಗುತ್ತಿತ್ತು. ಇನ್ನೊಂದೆರಡು ತಾಸು ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಆಪರೇಷನ್ ಮುಗಿಸಿ ಬಂದ ಡಾಕ್ಟರು ಹೇಳಿದರು. ಪ್ರಜ್ಞೆ ಬಂದ ಮೇಲೆ ಅವಳು ನಡೆದದ್ದನ್ನು ಹೇಳಿದಳು. ದೊಡ್ಡ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಿಕ್ಕಿಹಾಕಿಕೊಂಡು ದಾರಿ ಕಟ್ಟಿತ್ತಂತೆ. ಯಾರೋ ಕಾಲುವೆ ದಾರಿ ತೋರಿಸಿದರಂತೆ. ಎದುರಿಗೆ ಬಂದ ಟ್ರಾಕ್ಟರಿಗೆ ಜಾಗ ಬಿಡಲು ಹೋಗಿ ಚಕ್ರ ಜಾರಿತು. ಟ್ರಾಕ್ಟರಿನವನು ನೋಡಲೇ ಇಲ್ಲ.

ಬಾಟಲಿಗಳು ಒಡೆದಿರಬೇಕು, ಅದೇ ನಮ್ಮ ಪುಣ್ಯ ಎಂದು ನಾವು ಮಾತಾಡಿಕೊಂಡೆವು. ನನ್ನ ಸತ್ತ ನರ ಅಷ್ಟೊಂದು ಅತ್ತರು ಒಮ್ಮೆಲೇ ಚೆಲ್ಲಿದ್ದಕ್ಕೆ ಎಚ್ಚರಗೊಂಡಿತ್ತೇನೋ. ಮರುದಿನ ಬಸೂ ಸ್ಕೂಟಿಯನ್ನು ಹೊಲದಿಂದ ಎತ್ತಿಸಿ ತಂದ. ಡಿಕ್ಕಿ ತೆಗೆದು ನೋಡಿ ನನಗೆ ಆಸ್ಪತ್ರೆಗೆ ಫೋನ್ ಮಾಡಿದ.

"ಕಾಕಾ, ಬಾಟ್ಲಿ ಎರಡೂ ಹಂಗ ಅದಾವ್ರಿ. ಅರಳ್ಯಾಗ ಸುತ್ತಿದ್ದು ಸುತ್ತಿದಂಗ ಐತಿ. ಮುಚ್ಚಳದ ಮ್ಯಾಲಿನ ಮೇಣಾನೂ ಬಿಚ್ಚಿಲ್ಲ."

ನಾನು ಫೋನ್ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಪದ್ಮಜಾಳನ್ನು ಕೇಳಿದರೆ, ಅಂಗಡಿಯವರಿಗೆ ತೋರಿಸಲು ಬೆಳಿಗ್ಗೆ ಸಣ್ಣ ಶೀಶೆಯಿಂದ ತನ್ನ ಮುಂಗೈಗೆ ಎರಡು ಹನಿ ಹಚ್ಚಿಕೊಂಡದ್ದು ನಿಜ, ಶೀಶೆಯನ್ನು ಅವರಿಗೇ ಕೊಟ್ಟು ಬಂದೆ ಎಂದಳು. ಎರಡು ಹನಿ! ಪಕ್ಕದಲ್ಲಿ ಕೂತು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಿರಜ್‌ವರೆಗೆ ಬಂದ ಶೋಭಾಳಿಗೆ ರಕ್ತ, ಮಣ್ಣು ಬಿಟ್ಟು ಬೇರೆ ವಾಸನೆ ಬಂದಿರಲಿಲ್ಲ.

ನಾನು ಬೆಳಗಾವಿಯ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ವಾಸನೆ ಹೋದವರಿಗೆ ಒಮ್ಮೊಮ್ಮೆ ಇಲ್ಲದ ವಾಸನೆ ಬರುವುದುಂಟು, ಮಿದುಳು ತಾನೇ ಹುಟ್ಟಿಸಿಕೊಳ್ಳುತ್ತದೆ, ತಂಗಿಯ ಚಿಂತೆಯಲ್ಲಿದ್ದಿರಿ, ತಂಗಿಯ ಅತ್ತರು ನೆನಪಾಯಿತು, ಜಾಗ ಸಿಕ್ಕಿದ್ದು ಅದೃಷ್ಟ ಎಂದರು. ಮೂಗನ್ನು ಮತ್ತೆ ಪರೀಕ್ಷೆ ಮಾಡಿದರು. ಸತ್ತದ್ದು ಸತ್ತೇ ಇತ್ತು. ಅವರ ಮಾತು ನನಗೆ ಒಪ್ಪಿಗೆಯಾಯಿತು. ಒಪ್ಪಿಕೊಳ್ಳಲು ನಾನು ಕಾದಿದ್ದೆ ಎಂದರೂ ಸರಿ. ಆ ಸಮಾಧಾನದಲ್ಲಿ ಎರಡು ತಿಂಗಳು ನಿದ್ದೆ ಮಾಡಿದೆ.

ಪದ್ಮಜಾ ಮನೆಗೆ ಬಂದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯ ಮಂಚದ ಮೇಲಿರುತ್ತಿದ್ದಳು. ಒಂದು ಮುಂಜಾನೆ ಮೂವರೂ ಅಲ್ಲಿ ಕೂತಿದ್ದೆವು. ಶೋಭಾ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೇಳುವವಳಂತೆ ಕೇಳಿದಳು.

"ರೀ, ಒಂದು ಮಾತು ಕೇಳಲೇನು? ಅವತ್ತು ಟೆಂಪೋದಾಗ ಇದು ಪದ್ಮಾನ ಅತ್ತರ ಅಂತ ಒದರಿದ್ರಿ. ಅದು ಅದ ಅಂತ ನಿಮಗ ಹೆಂಗ ಗೊತ್ತಾತು?"

"ಹೆಂಗ ಅಂದ್ರ? ವಾಸನಿ ಬಂತು, ಗೊತ್ತಾತು."

"ಅಲ್ರಿ, ನಿಮ್ಮ ಮೂಗು ಹೋಗಿದ್ದು ಆಕಿ ಅತ್ತರ ಮಾಡೂಕ್ಕಿಂತ ಮೊದಲ. ಆ ವಾಸನಿ ನೀವು ಯಾವತ್ತೂ ನೋಡೇ ಇಲ್ಲಲ್ರಿ."

ಇಷ್ಟು ದಿನ ಇದು ನನಗೆ, ಡಾಕ್ಟರಿಗೆ, ಬಸೂಗೆ ಯಾರಿಗೂ ಹೊಳೆದಿರಲಿಲ್ಲ. ನೆನಪಾಗಲು ಮೊದಲು ಗೊತ್ತಿರಬೇಕಲ್ಲ? ಒಮ್ಮೆಯೂ ಕಾಣದವನ ಮುಖವನ್ನು ಜಾತ್ರೆಯಲ್ಲಿ ಗುರುತು ಹಿಡಿದು ಹೆಸರು ಕೂಗಿದ ಹಾಗಾಯಿತು ಇದು.

ಪದ್ಮಜಾ ದಿಂಬಿಗೆ ಒರಗಿದ್ದವಳು ಎದ್ದು ಕೂತಳು. "ದಾದಾ, ನಿನಗ ಬಂದ ವಾಸನಿ ಹೆಂಗಿತ್ತು, ಸರಿಯಾಗಿ ಹೇಳು. ಯಾರಿಂದರೆ ಕೇಳಿದ್ದು ಹೇಳಬ್ಯಾಡ. ಬಂದದ್ದ ಹೇಳು."

ನಾನು ಕಣ್ಣು ಮುಚ್ಚಿ ನೆನೆಸಿಕೊಂಡೆ. ಬೆಚ್ಚಗಿತ್ತು ಎಂದೆ. ಕಹಿ, ಆದರೆ ಬೇವಿನ ಹಾಗೆ ಚುಚ್ಚುವುದಲ್ಲ. ಹಳೆಯ ತೊಲೆಯನ್ನು ಕೊಯ್ದಾಗ ಬರುತ್ತದಲ್ಲ, ಹಾಗೆ. ಅದರ ಕೆಳಗೆ ಬೇಸಿಗೆಯಲ್ಲಿ ಕಲ್ಲು ಒಡೆದ ಕೂಡಲೇ ಬರುವ ವಾಸನೆ.

"ನಿಂಬೀಕಾಯಿ ಸಿಪ್ಪಿ?"

"ಇಲ್ಲ. ಅದು ಬರಲಿಲ್ಲ."

"ಒಂದೀಟೂ?"

"ಇಲ್ಲವಾ."

ಅವಳು ಶೋಭಾಳ ಕಡೆ ತಿರುಗಿದಳು. ದನಿ ತಗ್ಗಿತ್ತು. "ವೈನಿ, ನಿಂಬಿ ವಾಸನಿ ಮೊದಲಿಗೆ ಬಂದು ಅರ್ಧ ತಾಸಿನ್ಯಾಗ ಹಾರಿಹೋಗ್ತೈತಿ. ಬಾಟ್ಲಿ ಒಡದಿದ್ರ ಅದ ಮೊದಲ ಬರಬೇಕಿತ್ತು. ದಾದಾನ ತಲಿ ಹುಟ್ಟಿಸಿದ್ದಾದ್ರೂ ಅದ ಬರಬೇಕಿತ್ತು. ಮನ್ಯಾಗ ಎಲ್ಲಾರೂ ಹೇಳಿದ್ದು ಅದೊಂದ. ಕಲ್ಲು ಒಡದಂಗ ಬರೂದು ಮೈಗೆ ಹಚ್ಚಿ ನಾಕೈದು ತಾಸು ಆದ ಮ್ಯಾಲ. ಅದನ್ನ ನಾ ಯಾರಿಗೂ ಹೇಳಿಲ್ಲ. ನನಗೊಬ್ಬಾಕಿಗೆ ಗೊತ್ತು."

ಬೆಳಿಗ್ಗೆ ಹಚ್ಚಿಕೊಂಡದ್ದು. ನಾವು ಕಾಲುವೆ ದಾರಿಗೆ ಹೋದದ್ದು ಇಳಿಹೊತ್ತಿನಲ್ಲಿ. ನಾನು ಲೆಕ್ಕ ಹಾಕಲಿಲ್ಲ, ಹಾಕುವ ಅವಶ್ಯಕತೆಯೂ ಇರಲಿಲ್ಲ.

"ಮತ್ತೇನರೆ ಇತ್ತೇನು?" ಎಂದು ಕೇಳಿದಳು.

ಇತ್ತು. ಇಷ್ಟು ಹೊತ್ತು ಅದನ್ನು ಹೇಳಬೇಕೆಂದು ನನಗೆ ಅನಿಸಿರಲಿಲ್ಲ, ಅದೂ ಅತ್ತರಿನದೇ ಭಾಗ ಅಂದುಕೊಂಡಿದ್ದೆ. "ಕಬ್ಬಿಣ," ಎಂದೆ. "ತುಕ್ಕು ಹಿಡದ ಕಬ್ಬಿಣ ಒದ್ದಿ ಆದ್ರ ಹೆಂಗ ವಾಸನಿ ಬರ್ತೈತಿ, ಹಂಗ. ಕಾಲುವಿ ದಾರಿ ಮ್ಯಾಲ ಅದ ಭಾಳ ಇತ್ತು."

ಪದ್ಮಜಾ ಅಲ್ಲವೆಂದು ತಲೆಯಾಡಿಸಿದಳು.

"ಅದು ನಂದರಾಗ ಇಲ್ಲ ದಾದಾ."

ಅವಳು ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು. ಮುಂಗೈಯ ಮೇಲೆ ಹೊಲಿಗೆ ಹಾಕಿದ ಗುರುತು ಇನ್ನೂ ಕೆಂಪಗಿತ್ತು. ಬಿದ್ದಾಗ ಸ್ಕೂಟಿಯ ತಗಡು ತಾಗಿ ಅಲ್ಲಿ ಆಳವಾಗಿ ಹರಿದಿತ್ತು. ಆಮೇಲೆ ದಿಂಬಿನ ಮೇಲೆ ಮುಖ ಅಡಿಯಾಗಿ ಮಲಗಿ, ಆ ಕೈಯನ್ನು ಮೂಗಿನ ಕೆಳಗೆ ತಂದು ಇಟ್ಟುಕೊಂಡು ನಮಗೆ ತೋರಿಸಿದಳು.

"ಹೀಂಗ ಬಿದ್ದಿದ್ನಿ. ಕೈ ಮೈಯಡಿ ಸಿಕ್ಕಿತ್ತು, ತಗಿಯಾಕ ಬರ್ಲಿಲ್ಲ. ಕಣ್ಣಿಗೆ ಏನೂ ಕಾಣವಲ್ದಾಗಿತ್ತು, ಮಂದಿ ದನಿ ಇಲ್ಲ. ಅತ್ತರ, ಅದರ ಮ್ಯಾಲ ರಕ್ತ. ಇದೆರಡ ವಾಸನಿ ಇಡೀ ದಿನ. ನಿದ್ದಿ ಬಂದಂಗಾದಾಗೆಲ್ಲ ಗಟ್ಟಿಯಾಗಿ ಉಸರು ಎಳಕೋತಿದ್ನಿ. ವಾಸನಿ ಬರೂತನ ನಾ ಸತ್ತಿಲ್ಲ ಅಂತ ಅನ್ಕೊಂಡಿದ್ನಿ. ವೈನಿ ಬಂದು ನನ್ನ ಹೊಳ್ಳಿಸಿದಾಗ ಕೈ ಸರದು ಕೆಳಗ ಬಿತ್ತು."

ಶೋಭಾಳ ಮಡಿಲಿನಿಂದ ಅವರೆಕಾಯಿ ನೆಲಕ್ಕೆ ಚೆಲ್ಲಿದವು. ಯಾರೂ ಆಯಲಿಲ್ಲ. ಅವಳನ್ನು ಹೊರಳಿಸಿದ ಆ ಕ್ಷಣಕ್ಕೇ ನನಗೆ ವಾಸನೆ ನಿಂತದ್ದನ್ನು ನಾನು ಆ ಇಬ್ಬರಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಪದ್ಮಜಾ ದಿಂಬಿನಿಂದ ಮುಖ ಎತ್ತದೆ ಅಳತೊಡಗಿದಳು. ಸಂತೋಷಕ್ಕೋ ಹೆದರಿಕೆಗೋ ನನಗೆ ತಿಳಿಯಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ, ಗೋಡೆ ಹಿಡಿದು ಬಹಳ ಹೊತ್ತು ನಿಂತೆ.

ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ಬಸದಿಗೆ ಬಂದ ಒಬ್ಬ ಮುನಿಗಳನ್ನು ಕೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ತಂಗಿ ಉಳಿದಳಲ್ಲ ಎಂದಷ್ಟೇ ಅಂದರು. ಡಾಕ್ಟರ ಹತ್ತಿರ ನಾನು ಮತ್ತೆ ಹೋಗಲಿಲ್ಲ. ಅವರು ಇದಕ್ಕೂ ಒಂದು ಕಾರಣ ಹೇಳಬಹುದು. ಹೇಳಿದರೆ ಒಪ್ಪಿಕೊಳ್ಳಲು ನಾನು ತಯಾರಿದ್ದೇನೆ. ಆದರೆ ಆ ದಿನ ನಾನು ಎಳೆದುಕೊಂಡ ಉಸಿರು ನನ್ನದೇ ಆಗಿತ್ತೇ ಎಂದು ಅವರನ್ನು ಹೇಗೆ ಕೇಳಲಿ?

ಪದ್ಮಜಾ ಈಗ ತುಸು ಕುಂಟುತ್ತಾಳೆ, ಆದರೂ ಸ್ಕೂಟಿ ಬಿಟ್ಟಿಲ್ಲ. 'ಪಡುವಣ'ವನ್ನು ತೆಗೆದುಕೊಂಡು ಕಾಗವಾಡ, ಸಾಂಗಲಿಯವರೆಗೆ ಹೋಗಿ ಬರುತ್ತಾಳೆ. ನನ್ನ ಮೂಗು ಹೇಗಿತ್ತೋ ಹಾಗೇ ಇದೆ. ಅವಳು ಊರು ಬಿಟ್ಟು ಹೋದ ದಿನ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಾನು ಒಮ್ಮೊಮ್ಮೆ ಮಾತು ನಿಲ್ಲಿಸಿ ಉಸಿರು ಎಳೆದು ನೋಡುತ್ತೇನೆ. ಏನೂ ಬರುವುದಿಲ್ಲ. ಕಳೆದುಹೋದ ವಾಸನೆಗಾಗಿ ವರ್ಷಗಟ್ಟಲೆ ದೇವರನ್ನು ಬೇಡಿಕೊಂಡವನು ನಾನು. ಈಗ ಅಂಥ ಹೊತ್ತಿನಲ್ಲಿ, ಬಾರದಿರಲಿ ಎಂದು ಬೇಡಿಕೊಳ್ಳುತ್ತೇನೆ.